ಸೋದರಮಾವನ ಜೊತೆ ಮದುವೆ: ಬ್ಲಡ್ ಗ್ರೂಪ್ ಬೇರೆ ಇದ್ದರೆ ಸಾಕೇ?

ಮಾವನದು ಬಿ, ನಿಮ್ಮದು ಓ, ಹಂಗಾದ್ರ ಮಕ್ಕಳಿಗೆ ಏನೂ ಆಗೂದಿಲ್ಲ ಹೌದಲ್ರಿ ಅಂತ ಕೇಳಿದ್ದೀರಿ. ನಮ್ಮ ಮನೆಯವರೂ ಇದನ್ನೇ ನಂಬಿದ್ದರು. ನಾನು ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ನಮ್ಮ ಜಮಖಂಡಿ ಕಡೆ ಇದೇನು ಹೊಸದಲ್ಲ. ಗ್ರೂಪ್ ಬೇರೆ ಬೇರೆ ಬಂತು, ಅಕ್ಕಿಕಾಳು ಬಿತ್ತು. ಮಗ ಆರು ತಿಂಗಳು ದಾಟುತ್ತಲೇ ಬಿಳಿಚಿಕೊಂಡ. ಬೀಟಾ ಥಲಸೀಮಿಯಾ ಮೇಜರ್, ಅಂದರೆ ರಕ್ತದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ತಂದೆತಾಯಿಯಿಂದ ಬರುವ ರೋಗ. ಈಗ ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಅದರಿಂದ ಮೈಯಲ್ಲಿ ಕೂಡಿಕೊಳ್ಳುವ ಕಬ್ಬಿಣ ಹೊರಹಾಕಲು ದಿನಾ ಗುಳಿಗೆ.

ನಮಗೆ ಮುಳುವಾದದ್ದು ಗ್ರೂಪಿನ ಮೇಲಿನ ಆ ನಂಬಿಕೆಯೇ. ಎಬಿಓ ಗುಂಪು ನಿರ್ಧರಿಸುವ ಜೀನ್ ಇರುವುದು 9ನೇ ಕ್ರೋಮೋಸೋಮಿನಲ್ಲಿ. ಈ ರೋಗದಲ್ಲಿ ಕೆಡುವ, ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಜೀನ್ 11ನೆಯದರಲ್ಲಿ. ಒಂದನ್ನು ನೋಡಿ ಇನ್ನೊಂದರ ಗುಣ ಹೇಳಲು ಬರುವುದಿಲ್ಲ. ಡಿಎನ್‌ಎಯಲ್ಲಿ 300 ಕೋಟಿಗೂ ಮೀರಿ ಅಕ್ಷರಗಳಿವೆ, 20,000ದಷ್ಟು ಜೀನ್‌ಗಳಿವೆ. ನಮ್ಮ ದೇಶದಲ್ಲಿ ಹೆಚ್ಚು ಕಾಣುವ ಬೀಟಾ ಥಲಸೀಮಿಯಾ ದೋಷದಲ್ಲಿ ಬದಲಾಗಿರುವುದು ಒಂದೇ ಅಕ್ಷರ, ಜಿ ಇರಬೇಕಾದಲ್ಲಿ ಸಿ. ಜೀನಿನ ಪ್ರತಿಗಳು ಎರಡು: ತಂದೆಯದೊಂದು, ತಾಯಿಯದೊಂದು. ಒಂದು ಕೆಟ್ಟರೂ ಇನ್ನೊಂದು ದುಡಿಯುವುದರಿಂದ ವಾಹಕರು, ಅಂದರೆ ಒಂದೇ ಕೆಟ್ಟ ಪ್ರತಿ ಇರುವವರು, ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಸೇರಿ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಮೊದಲನೆಯದಕ್ಕೆ ಬಂತು, ಮುಂದಿನ ಮೂರು ಪಾರು ಅನ್ನುವ ಲೆಕ್ಕ ಸುಳ್ಳು.

ಹೆಂಡತಿ ಬಸಿರಿದ್ದಾಗಿನ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ಇನ್ನೂ ಇಟ್ಟಿದ್ದೇನೆ. ಎಂಸಿವಿ, ಅಂದರೆ ಕೆಂಪುಕಣದ ಸರಾಸರಿ ಗಾತ್ರ, 64; ಕೆಂಪುಕಣದ ಸಂಖ್ಯೆ 5.6 ಮಿಲಿಯನ್. ಕಬ್ಬಿಣದ ಕೊರತೆಯಲ್ಲಿ ಸಾಮಾನ್ಯವಾಗಿ ಕಣವೂ ಸಣ್ಣದು, ಸಂಖ್ಯೆಯೂ ಕಡಿಮೆ. ಇಲ್ಲಿ ಕಣ ಸಣ್ಣದಾಗಿ ಸಂಖ್ಯೆ ಏರಿದೆ. 64ನ್ನು 5.6ರಿಂದ ಭಾಗಿಸಿದರೆ 11.4. ಇದು 13ಕ್ಕಿಂತ ಕೆಳಗಿದ್ದರೆ ಥಲಸೀಮಿಯಾ ಅನುಮಾನ ಪಡಲೇಬೇಕು. "ರಕ್ತ ಕಮ್ಮಿ ಐತಿ" ಅಂತ ಕಬ್ಬಿಣದ ಗುಳಿಗೆ ಬರೆದುಕೊಟ್ಟರು, ಅಷ್ಟೇ.

ನೋಡ್ರಿ ತಂಗಿ, ನನ್ನ ಕೇಳಿದರೆ ಈ ಮದುವೆ ಬೇಡ. ಮಾವ ವಾಹಕನಾಗಿದ್ದರೆ ಅವನ ಅಕ್ಕನ ಮಗಳೂ ವಾಹಕಳಾಗಿರುವ ಸಾಧ್ಯತೆ ಸುಮಾರು ನಾಲ್ಕರಲ್ಲೊಂದು. ಹೊರಗಿನ ಸಂಬಂಧದಲ್ಲಿ, ದೇಶದ ಸರಾಸರಿಯಂತೆ, ನೂರಕ್ಕೆ ಮೂರೋ ನಾಲ್ಕೋ. ಥಲಸೀಮಿಯಾ ಇಲ್ಲವೆಂದು ಗೊತ್ತಾದರೂ ಉಳಿದ ಸಾವಿರಾರು ಜೀನ್‌ಗಳಿಗೆ ಇದೇ ಮಾತು ಅನ್ವಯಿಸುತ್ತದೆ.

ಮನೆಯವರು ಬಿಡುವುದೇ ಇಲ್ಲವೆಂದರೆ ನಿಶ್ಚಯಕ್ಕೆ ಮೊದಲೇ ಇಬ್ಬರೂ ಸಿಬಿಸಿ, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವ ಪರೀಕ್ಷೆ), ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಮಾಡಿಸಿ. ಅದರಲ್ಲಿ ಎಚ್‌ಬಿಎ2 ಎಂಬ ಬಗೆಯ ಹಿಮೋಗ್ಲೋಬಿನ್ ಶೇ. 3.5 ದಾಟಿದರೆ ವಾಹಕರೆಂದು ಹಿಡಿಯುತ್ತಾರೆ. ಕಬ್ಬಿಣ ಕಡಿಮೆಯಿದ್ದರೆ ಈ ಅಂಕಿ ತಗ್ಗಿ ದೋಷ ಮುಚ್ಚಿಹೋಗಬಹುದು, ಫೆರಿಟಿನ್ ಬೇಕಾಗುವುದು ಅದಕ್ಕೇ. ರಕ್ತ ಏರಿಸಿಕೊಂಡಿದ್ದರೆ ಮೂರು ತಿಂಗಳು ಕಾಯಿರಿ. ಇಬ್ಬರೂ ವಾಹಕರೆಂದು ಬಂದರೆ ಯಾವ ಅಕ್ಷರ ಬದಲಾಗಿದೆ ಎಂಬ ಡಿಎನ್‌ಎ ಪರೀಕ್ಷೆಯನ್ನು ಬಸಿರಿಗೆ ಮೊದಲೇ ಮುಗಿಸಿರಬೇಕು. ಭ್ರೂಣದ ಮಾಸಿನ ಚೂರು ತೆಗೆದು ನೋಡುವುದು 11ರಿಂದ 13ನೇ ವಾರದಲ್ಲಿ; ತಂದೆತಾಯಿಯ ದೋಷ ಆಗ ಹುಡುಕಲು ಕೂತರೆ ಆ ವಾರಗಳು ಕೈತಪ್ಪುತ್ತವೆ.