ಸತ್ತವರಿಗೋಸ್ಕರ ದೀಕ್ಷಾಸ್ನಾನ: ಪೌಲ ಹೇಳಿದ್ದೇನು?

ಪ್ರಶ್ನೆ: ಬೈಬಲಿನಲ್ಲಿ, ಅಪೊಸ್ತಲ ಪೌಲ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೇ ಅಧ್ಯಾಯದ 29ನೇ ವಚನದಲ್ಲಿ ‘ಸತ್ತವರಿಗೋಸ್ಕರ ದೀಕ್ಷಾಸ್ನಾನ’ದ (ಬ್ಯಾಪ್ಟಿಸಂ) ಮಾತು ಬರುತ್ತದೆ. ಹಾಗಂದರೇನು? ನಮ್ಮ ತಾತ ದೀಕ್ಷಾಸ್ನಾನ ಆಗದೆಯೇ ತೀರಿಕೊಂಡರು. ಅವರ ಪರವಾಗಿ ನಾನು ಮಾಡಿಸಿಕೊಳ್ಳಬಹುದೇ?

ಉತ್ತರ: ಈ ವಚನಕ್ಕೆ ಪಂಡಿತರು ಹತ್ತಾರು ಅರ್ಥ ಹೇಳಿದ್ದಾರೆ. ನೇರ ಅರ್ಥ ಮುಜುಗರ ತರುತ್ತದಲ್ಲ, ಅದಕ್ಕೇ ಇಷ್ಟೊಂದು ಸರ್ಕಸ್ಸು. ದೀಕ್ಷೆ ಆಗದೆ ಸತ್ತ ತಮ್ಮವರ ಪರವಾಗಿ ಕೊರಿಂಥದ ಕೆಲವರು ತಾವೇ ನೀರಿಗಿಳಿಯುತ್ತಿದ್ದರು ಅನ್ನುವುದೇ ಆ ನೇರ ಅರ್ಥ. ನನಗೂ ಅದೇ ಸರಿ ಅನಿಸುತ್ತದೆ.

ಪೌಲ ಈ ಪತ್ರ ಬರೆದದ್ದು ಎಫೆಸದಿಂದ, ಕ್ರಿ.ಶ. 50ರ ದಶಕದ ನಡುವೆ. ಸತ್ತವರು ಎದ್ದು ಬರುವುದೆಲ್ಲ ಸುಳ್ಳು ಅನ್ನುವವರು ಆಗ ಕೊರಿಂಥದ ಸಭೆಯಲ್ಲೇ ಇದ್ದರು. ಇಡೀ 15ನೇ ಅಧ್ಯಾಯ ಅವರಿಗೆ ಕೊಟ್ಟ ಉತ್ತರ. ‘ಸತ್ತವರು ಏಳುವುದೇ ಇಲ್ಲ ಅಂದಮೇಲೆ, ಕೆಲವರು ಅವರಿಗೋಸ್ಕರ ಸ್ನಾನ ಮಾಡಿಸಿಕೊಳ್ಳುವುದು ಯಾಕೆ?’ ಎಂದು ಪೌಲ ಇಲ್ಲಿ ಕುಟುಕುತ್ತಾನೆ. ಅವರದೇ ಆಚರಣೆಯನ್ನು ಅವರ ವಾದದ ವಿರುದ್ಧ ತಿರುಗಿಸುತ್ತಾನೆ.

ಈ ವಚನದಲ್ಲಿ ಅವನ ಮಾತು ಬೇರೆಯವರ ಬಗ್ಗೆ. ಮುಂದಿನ ವಚನದಲ್ಲೇ ‘ನಾವು ಯಾಕೆ ಗಳಿಗೆ ಗಳಿಗೆಗೂ ಅಪಾಯಕ್ಕೆ ಗುರಿಯಾಗಬೇಕು?’ ಎಂದು ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಅಂದರೆ ಆ ಸ್ನಾನದಿಂದ ಅವನು ದೂರ ನಿಂತಿದ್ದಾನೆ, ಅಲ್ವಾ? ಹಾಗಂತ ಅದನ್ನು ಖಂಡಿಸಿಯೂ ಇಲ್ಲ. ಕರ್ತನ ಭೋಜನದಲ್ಲಿ (ಯೇಸುವಿನ ನೆನಪಿಗೆ ಸಭೆ ಒಟ್ಟಾಗಿ ಮಾಡುವ ಪವಿತ್ರ ಊಟದಲ್ಲಿ) ಉಳ್ಳವರು ಕುಡಿದು ಮತ್ತರಾಗಿ ಇಲ್ಲದವರು ಹಸಿದು ಕೂತದ್ದಕ್ಕೆ 11ನೇ ಅಧ್ಯಾಯದಲ್ಲಿ ಚೆನ್ನಾಗಿ ಬೈದವನು ಇಲ್ಲಿ ಸುಮ್ಮನಿರುವುದು ವಿಚಿತ್ರವೇ.

4ನೇ ಶತಮಾನದ ಕೊನೆಗೆ ಈ ಅಧ್ಯಾಯದ ಮೇಲೆ ಬೋಧಿಸಿದ ಧರ್ಮಗುರು ಯೋಹಾನ ಕ್ರಿಸೊಸ್ತೊಮ್, ಸಭೆ ತಪ್ಪುಬೋಧಕರೆಂದು ಹೊರಗಿಟ್ಟಿದ್ದ ಮಾರ್ಸಿಯನ್ ಪಂಥದವರ ಕಥೆಯೊಂದನ್ನು ಹೇಳುತ್ತಾರೆ. ದೀಕ್ಷೆಗೆ ತಯಾರಾಗುತ್ತಿದ್ದವರು ಸತ್ತರೆ, ಹೆಣದ ಮಂಚದ ಕೆಳಗೆ ಒಬ್ಬನನ್ನು ಅಡಗಿಸುತ್ತಿದ್ದರಂತೆ. ‘ದೀಕ್ಷಾಸ್ನಾನ ಬೇಕಾ?’ ಎಂದು ಹೆಣವನ್ನು ಕೇಳಿದರೆ ಕೆಳಗಿದ್ದವನು ‘ಹೂಂ’ ಅನ್ನಬೇಕು. ಆಮೇಲೆ ಸ್ನಾನ ಅವನಿಗೆ! ಕೇಳಿದವರು ನಗುತ್ತಾರೆಂದು ಕ್ರಿಸೊಸ್ತೊಮರಿಗೂ ಗೊತ್ತಿತ್ತು. ಅವರ ಪ್ರಕಾರ ಪೌಲನ ಮಾತು ಎಲ್ಲರ ದೀಕ್ಷಾಸ್ನಾನಕ್ಕೂ ಸಲ್ಲುತ್ತದೆ: ಸಾಯುವ ಈ ದೇಹ ಮತ್ತೆ ಏಳುತ್ತದೆಂಬ ನಂಬಿಕೆಯಿಂದಲೇ ನಾವು ನೀರಿಗಿಳಿಯುವುದು. ಅರ್ಥ ಚೆನ್ನಾಗಿದೆ, ಆದರೆ ವಚನಕ್ಕೆ ಸ್ವಲ್ಪ ಜಗ್ಗಿ ಕೂರಿಸಿದ ಹಾಗಿದೆ.

ಇನ್ನು ನಿಮ್ಮ ತಾತನ ವಿಷಯ. 1840ರಲ್ಲಿ ಅಮೆರಿಕದಲ್ಲಿ ಮಾರ್ಮನ್ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಸತ್ತವರ ಪರವಾದ ಈ ಸ್ನಾನವನ್ನು ಶುರುಮಾಡಿದರು. ಆ ಸಭೆಯವರು ತಮ್ಮ ದೇವಾಲಯಗಳಲ್ಲಿ ಈಗಲೂ ಮಾಡುತ್ತಾರೆ. ಕ್ಯಾಥೊಲಿಕ್, ಆರ್ಥೊಡಾಕ್ಸ್, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಈ ಪದ್ಧತಿ ಇಲ್ಲ. ನೀವು ಕ್ಯಾಥೊಲಿಕರಾದರೆ ತಾತನ ಹೆಸರಲ್ಲಿ ಬಲಿಪೂಜೆ (ಮಾಸ್) ಅರ್ಪಿಸಲು ನಿಮ್ಮ ಗುರುಗಳನ್ನು ಕೇಳಿಕೊಳ್ಳಬಹುದು.