ಹಳೆಯ ಪ್ಯಾರಾಗ್ಲೈಡರ್ ಬೇಡ, ಮೊದಲು ಬಯಲಿನಲ್ಲಿ ಕಲಿಯಿರಿ

ಗೆಳೆಯರು ಅಗ್ಗಕ್ಕೆ ಕೊಡುವ ಹಳೆಯ ಪ್ಯಾರಾಗ್ಲೈಡರ್‌ನಲ್ಲಿ, ಅಂದರೆ ಬಟ್ಟೆಯ ರೆಕ್ಕೆಗೆ ನೇತಾಡಿ ಹಾರುವ ಸಾಧನದಲ್ಲಿ, ನಂದಿ ಬೆಟ್ಟದ ಆಸುಪಾಸಿನಲ್ಲಿ ನೀವೇ ಹಾರಲು ಕಲಿಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಬಿಸಿಲಿಗೆ ಬಳಲಿದ ಬಟ್ಟೆ ಗಾಳಿ ಸೋರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಹೊಸಬರಿಗೆ ಇಎನ್-ಎ ದರ್ಜೆಯ (ಸುರಕ್ಷತಾ ಪರೀಕ್ಷೆಯಲ್ಲಿ ಅತ್ಯಂತ ಸೌಮ್ಯವೆಂದು ಗುರುತಿಸಿದ), ನಿಮ್ಮ ತೂಕಕ್ಕೆ ಹೊಂದುವ ರೆಕ್ಕೆಯೇ ಬೇಕು.

ನಾನು ಚಿಕ್ಕಬಳ್ಳಾಪುರದವನು, ಕಲಿತದ್ದು ಮಹಾರಾಷ್ಟ್ರದ ಕಾಮಶೇತ್‌ನಲ್ಲಿ. ಆರಂಭದ ದಿನಗಳು ಬಯಲಿನಲ್ಲೇ ಕಳೆದವು. ರೆಕ್ಕೆಯನ್ನು ತಲೆಯ ಮೇಲೆ ಎತ್ತಿ ನಿಲ್ಲಿಸುವುದು, ಅದು ವಾಲಿದ ಕಡೆಗೆ ಹೆಜ್ಜೆ ಹಾಕುವುದು, ಮತ್ತೆ ಮತ್ತೆ. ಬೇಸರವೆನಿಸುತ್ತಿತ್ತು. ಆದರೆ ಕೈಗೆ ಬುದ್ಧಿ ಬರುವುದು ಅಲ್ಲಿಯೇ. ಒಮ್ಮೆ ತೊಡೆಯ ಪಟ್ಟಿಯ ಬಕಲ್ ಹಾಕದೆ ಓಡಲು ಹೊರಟಿದ್ದೆ. ಶಿಕ್ಷಕರು ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿಗಳ ಆಸನ) ಹಿಡಿದು ನಿಲ್ಲಿಸಿದರು. ಇಂದಿಗೂ ಹೊರಡುವ ಮುನ್ನ ಎರಡೂ ತೊಡೆ, ಎದೆ, ಹೆಲ್ಮೆಟ್ ಎಂದು ಬಾಯಲ್ಲಿ ಹೇಳುತ್ತ ಒಂದೊಂದನ್ನೂ ಮುಟ್ಟಿ ನೋಡುತ್ತೇನೆ.

ನಮ್ಮ ಕಡೆಯ ಬೇಸಿಗೆಯ ವಿಷಯ ಬೇರೆ. ಬಿಸಿಲೇರಿದಂತೆ ಬಂಡೆಗಳು ಕಾದು ಬಿಸಿಗಾಳಿ ಕಂಬದಂತೆ ಏಳುತ್ತದೆ. ಅದು ಹೊಸಬರ ರೆಕ್ಕೆಯ ಅಂಚನ್ನು ಮಡಚಿಬಿಡಬಲ್ಲದು. ಬೆಳಗ್ಗೆ ಬೇಗ ಅಥವಾ ಸಂಜೆ ಮಾತ್ರ ಅಭ್ಯಾಸ ಮಾಡಿ. ಗಾಳಿಗೆ ಎದುರಾಗಿರುವ ಇಳಿಜಾರಿನಿಂದಲೇ ಹೊರಡಿ. ಬೆಟ್ಟದ ಮರೆಯಲ್ಲಿ ಗಾಳಿ ಸುಳಿಯಾಗಿ ಕೆಳಕ್ಕೆ ಎಳೆಯುತ್ತದೆ. ತುರ್ತು ಪ್ಯಾರಾಚೂಟ್ ಇದ್ದರೂ ಅದು ತೆರೆದುಕೊಳ್ಳಲು ಎತ್ತರ ಬೇಕು.

ಇಳಿಯುವ ಜಾಗವನ್ನು ಹಿಂದಿನ ದಿನವೇ ನಡೆದು ನೋಡಿ. ದ್ರಾಕ್ಷಿ ತೋಟದ ಕಲ್ಲುಕಂಬಗಳೂ ಪಂಪ್‌ಸೆಟ್ಟಿಗೆ ಎಳೆದ ವಿದ್ಯುತ್ ತಂತಿಗಳೂ ಮೇಲಿನಿಂದ ಕಾಣುವುದೇ ಇಲ್ಲ.