ಹಳೆಯ ಅಣೆಕಟ್ಟಿಗೆ ಉಕ್ಕಿನ ಆಂಕರ್

ಪ್ರಶ್ನೆ: ಮುಲ್ಲಪೆರಿಯಾರ್ ಅಣೆಕಟ್ಟಿನೊಳಗೆ ಉಕ್ಕಿನ ಕೇಬಲ್ ಇಳಿಸಿದ್ದಾರಂತೆ. ಅದರಿಂದೇನು ಉಪಯೋಗ? ಕೆರೆ ಏರಿಗೂ ಹಾಕಬಹುದೇ?
– ಓದುಗರು, ಹಿರಿಯೂರು

ಉತ್ತರ: 1895ರಲ್ಲಿ ಮುಗಿದ ಆ ಕಲ್ಲುಕಟ್ಟಡ ನಿಲ್ಲಬೇಕಾದದ್ದು ತನ್ನ ತೂಕದಿಂದಲೇ. ಜಲಾಶಯದ ನೀರು ಅದನ್ನು ಮುಂದಕ್ಕೆ ತಳ್ಳುತ್ತದೆ, ಬುಡಕ್ಕೆ ನುಸುಳಿದ ನೀರು ಮೇಲಕ್ಕೆತ್ತುತ್ತದೆ. ಹಳೆಯ ಲೆಕ್ಕಾಚಾರಗಳಲ್ಲಿ ಎಡವಟ್ಟಾಗಿರುವುದು ಹೆಚ್ಚಾಗಿ ಈ ಎರಡನೆಯದರಲ್ಲೇ. 1980ರ ಸುಮಾರಿಗೆ ನೆತ್ತಿಯಿಂದ ತಳದ ಬಂಡೆಯೊಳಕ್ಕೆ ರಂಧ್ರ ಕೊರೆದು, 7 ಮಿ.ಮೀ. ದಪ್ಪದ 34 ತಂತಿಗಳ ಕೇಬಲ್ ಇಳಿಸಿ, ಒಂದೊಂದನ್ನೂ 120 ಟನ್ ಬಲದಲ್ಲಿ ಎಳೆದು ಬಿಗಿದರು. ಹೀಗೆ ಬಿಗಿದ ಕೇಬಲ್ಲೇ ಆಂಕರ್. ಕಟ್ಟಡಕ್ಕೆ ಅಷ್ಟು ತೂಕ ಸೇರಿಸಿದ ಹಾಗೆ. ನೀರಿನ ಕಡೆಯ ಅಂಚಿಗೆ ಹತ್ತಿರವಿದ್ದಷ್ಟೂ ಉರುಳುವಿಕೆ ತಡೆಯಲು ಒಳ್ಳೆಯದು. ಅಲ್ಜೀರಿಯದ ಶೆರ್ಫಾ ಅಣೆಕಟ್ಟಿಗೆ 1934ರಲ್ಲೇ ಈ ಉಪಾಯ ಮಾಡಿದ್ದರು.

ಮಣ್ಣಿನ ಏರಿಗೆ ಇದು ಹೊಂದದು. ಅಲ್ಲಿ ಬೇಕಾದದ್ದು ಸೋರಿಕೆ ತಡೆ, ಇಳಿಜಾರಿನ ಭದ್ರತೆ.

ಪ್ರಶ್ನೆ: ಒಳಗಿನ ಉಕ್ಕು ತುಕ್ಕು ಹಿಡಿದರೆ?
– ಓದುಗರು, ಹೊಸಪೇಟೆ

ಉತ್ತರ: ಬಿಗಿದ ತಂತಿಗೆ ಮೇಲ್ಮೈ ತುಕ್ಕಿಗಿಂತ ಸಣ್ಣ ಗುಳಿ ಅಪಾಯಕಾರಿ, ಅಲ್ಲಿಂದಲೇ ಹಠಾತ್ತನೆ ತುಂಡಾಗುತ್ತದೆ. ಆದ್ದರಿಂದ ಈಗ ಎರಡು ಪದರದ ರಕ್ಷಣೆ ಕೊಡುತ್ತಾರೆ. ಬಂಡೆಯಲ್ಲಿ ಕಚ್ಚುವ ಭಾಗದಲ್ಲಿ ಬರಿಯ ಸ್ಟ್ರ್ಯಾಂಡ್‌ಗಳ (ತಂತಿಗಳನ್ನು ಹುರಿ ಮಾಡಿದ ಎಳೆಗಳ) ಸುತ್ತ ಗ್ರೌಟ್ (ಸಿಮೆಂಟು-ನೀರಿನ ತೆಳು ಮಿಶ್ರಣ), ಅದರ ಹೊರಗೆ ಅಲೆಯಲೆಯಾದ ಪ್ಲಾಸ್ಟಿಕ್ ಕೊಳವೆ, ಮತ್ತೆ ಗ್ರೌಟ್. ಮೇಲಿನ ಭಾಗದಲ್ಲಿ ಪ್ರತಿ ಸ್ಟ್ರ್ಯಾಂಡ್‌ಗೂ ಗ್ರೀಸ್, ಪ್ಲಾಸ್ಟಿಕ್ ಕವಚ.

ಕೊರೆದ ರಂಧ್ರಕ್ಕೆ ಮೊದಲು ನೀರು ತುಂಬಿಸಿ ಪರೀಕ್ಷೆ. ಇಂಗಿಹೋದರೆ ಗ್ರೌಟ್ ತುಂಬಿ ಮತ್ತೆ ಕೊರೆಯಬೇಕು. ಈ ಹಂತ ಬಿಟ್ಟರೆ ಆಮೇಲೆ ಹಾಕಿದ ಗ್ರೌಟ್ ಬಿರುಕುಗಳಿಗೆ ಹರಿದುಹೋಗಿ ಆಂಕರಿನ ಸುತ್ತ ಪೊಳ್ಳು ಉಳಿಯುತ್ತದೆ. ಗ್ರೌಟಿನಲ್ಲಿ ಸಿಮೆಂಟಿನ ತೂಕದ 0.40–0.45 ಪಟ್ಟು ನೀರು ಸಾಕು, ಹೆಚ್ಚಾದರೆ ನೀರು ಬೇರ್ಪಡುತ್ತದೆ.

15.2 ಮಿ.ಮೀ.ನ 12 ಸ್ಟ್ರ್ಯಾಂಡ್‌ಗಳ ಆಂಕರ್ ಮುರಿಯುವ ಬಲ ಸುಮಾರು 3,120 ಕಿಲೋನ್ಯೂಟನ್. ವಿನ್ಯಾಸ ಭಾರ, ಅಂದರೆ ಆಂಕರ್ ಹೊರಬೇಕೆಂದು ಲೆಕ್ಕ ಹಾಕಿದ ಬಲ, ಅದರ 60%. ಜಾಕ್‌ನಿಂದ (ಎಳೆಯುವ ಯಂತ್ರದಿಂದ) ವಿನ್ಯಾಸ ಭಾರದ 1.33 ಪಟ್ಟು ಎಳೆದು ಹಿಡಿದಿಟ್ಟಾಗ, ಮೊದಲ ನಿಮಿಷದಿಂದ ಹತ್ತನೆಯದರವರೆಗೆ 1 ಮಿ.ಮೀ.ಗಿಂತ ಹೆಚ್ಚು ಜಾರಿದರೆ 60 ನಿಮಿಷದವರೆಗೆ ನೋಡಬೇಕು.

ನಮ್ಮ ಅನುಮಾನ ಯಾವಾಗಲೂ ಆಂಕರಿನ ಮೇಲ್ತುದಿಯ, ಅಂದರೆ ತಲೆಯ ಭಾಗದ ಮೇಲೆ. ಸ್ಟ್ರ್ಯಾಂಡ್‌ಗಳನ್ನು ಕಚ್ಚಿ ಹಿಡಿಯುವ ಬೆಣೆಗಳ ಕೆಳಗೆ ಕವಚ ಬಿಚ್ಚಿದ ಜಾಗದಲ್ಲಿ ಗ್ರೀಸ್ ತುಂಬದೆ ಬಿಟ್ಟರೆ ತುಕ್ಕು ಅಲ್ಲಿಂದಲೇ ಶುರು. ತೆಗೆಯಬಹುದಾದ ಮುಚ್ಚಳವಿದ್ದರೆ ಮುಂದೆ ಜಾಕ್ ಕೂರಿಸಿ ಬಿಗಿತ ಎಷ್ಟು ಉಳಿದಿದೆ ಎಂದು ಅಳೆಯಬಹುದು. ಉದ್ದಕ್ಕೂ ಗ್ರೌಟಿಗೆ ಬೆಸೆದ ಹಳೆಯ ಕೇಬಲ್‌ಗಳಲ್ಲಿ ಈ ಅಳತೆ ಸಾಧ್ಯವಿಲ್ಲ.